ಆಹ್ವಾನಪತ್ರಿಕೆಯ ವಿಮರ್ಶಕರು

ಕಲಾಸಿಪಾಳ್ಯದ ಲಾರಿ ಆಫೀಸೊಂದರಲ್ಲಿ ಬುಕಿಂಗ್ ಗುಮಾಸ್ತರಾಗಿ ನಿವೃತ್ತರಾದವರು. ಬೀದಿಯವರು ಇಟ್ಟ ಹೆಸರು ಸಭಾರಾಯರು. ಕನ್ನಡ ಸಾಹಿತ್ಯದಲ್ಲಿ ಅವರು ಬಿಡದೆ ಓದುವ ಪ್ರಕಾರ ಒಂದೇ, ಆಹ್ವಾನಪತ್ರಿಕೆ.

ಶುಕ್ರವಾರ ಸಂಜೆಯಿಂದಲೇ ವಾಟ್ಸ್ಆ್ಯಪ್‌ಗೆ ಬಂದು ಬೀಳುವ ಅವುಗಳನ್ನು ರಾಯರು ಲಾರಿ ರಸೀದಿಯಂತೆ ತಪಾಸಣೆ ಮಾಡುತ್ತಾರೆ: ಹೊರಡುವುದು ಎಷ್ಟು ಹೊತ್ತಿಗೆ, ಲೋಡು ಎಷ್ಟು? 'ಘನ ಉಪಸ್ಥಿತಿ'ಯಲ್ಲಿ ಆರು ಹೆಸರಿದ್ದರೆ ಹತ್ತೂವರೆಯ ಸಭೆ ಹನ್ನೊಂದೂಕಾಲಿಗೆ. ಲೇಖಕರಿಗಿಂತ ಅಧ್ಯಕ್ಷರ ಫೋಟೊ ದೊಡ್ಡದಿದ್ದರೆ ಪುಸ್ತಕದ ಮಾತು ಕಡಿಮೆ. ಕೊನೆಯ ಸಾಲಿನಲ್ಲಿ 'ಲಘು ಉಪಾಹಾರ' ಕಂಡರೆ ಕೃತಿ ಗಮನಾರ್ಹ.

ಬಸ್ಸಿನ ಹಾರನ್ನು, ತರಕಾರಿ ಮಾರ್ಕೆಟ್ಟಿನ ಕೆಸರಿನ ನಡುವೆ, ಕಲಾಸಿಪಾಳ್ಯದಲ್ಲೇ ಮನೆ ಮಾಡಿದ್ದಕ್ಕೆ ನೆಂಟರು ಆಡಿಕೊಳ್ಳುತ್ತಿದ್ದರಂತೆ. ರಾಯರು ಈಗ ಸೇಡು ತೀರಿಸಿಕೊಳ್ಳುತ್ತಾರೆ. "ಜೆ.ಸಿ. ರಸ್ತೆ ಹಿಡಿದರೆ ರವೀಂದ್ರ ಕಲಾಕ್ಷೇತ್ರ, ನಯನ ಸಭಾಂಗಣ. ಈ ಕಡೆ ತಿರುಗಿದರೆ ಚಾಮರಾಜಪೇಟೆ, ಸಾಹಿತ್ಯ ಪರಿಷತ್ತು. ಮಲ್ಲೇಶ್ವರದವರಿಗೆ ಉಂಟೇನ್ರಿ ಈ ಭಾಗ್ಯ?"

ಬಸವನಗುಡಿ ಕಡೆಗೆ ಮಾತ್ರ ಬಸ್ಸು ಹತ್ತಬೇಕು. ಅಲ್ಲಿ ಡಿವಿಜಿಯವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ಅವರು ಸ್ಥಾಪಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. ಎರಡೂ ಹುಟ್ಟಿದ್ದು 1945ರಲ್ಲಿ. "ಮಹಾಯುದ್ಧ ನಿಂತದ್ದೂ ಅದೇ ವರ್ಷ. ಭಾಷಣದ ಶಕ್ತಿ ನೋಡಿ!" ಎನ್ನುತ್ತಾರೆ ರಾಯರು. ತಮಾಷೆಗೆ ಹೇಳಿದರೋ ನಂಬಿ ಹೇಳಿದರೋ, ಮುಖ ನೋಡಿದರೆ ಗೊತ್ತಾಗುವುದಿಲ್ಲ.

ಮೊದಲ ಸಾಲಿನಲ್ಲಿ ಅವರು ಕೂರುವುದಿಲ್ಲ. ಅಲ್ಲಿ ತೂಕಡಿಸಿದರೆ ಫೋಟೊದಲ್ಲಿ ಬರುತ್ತದೆ. ಮೂರನೇ ಸಾಲು, ತುದಿಯ ಕುರ್ಚಿ, ಮೈಕು ಹಿಡಿದ ಹುಡುಗನ ಕೈಗೆಟುಕುವ ಜಾಗ. ನಾವು ನಗಬಹುದು. ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿ ಬಂದ ಲೇಖಕರನ್ನು ಕೇಳಿ, ರಾಯರ ಬೆಲೆ ಹೇಳುತ್ತಾರೆ.

ಮೊನ್ನೆ ಒಂದು ಪುಸ್ತಕ ಬಿಡುಗಡೆಯಲ್ಲಿ ಸಂವಾದ ಶುರುವಾದದ್ದೇ ರಾಯರು ಎದ್ದರು. "ನನ್ನದು ಎರಡು ಪ್ರಶ್ನೆ. ಮೊದಲನೆಯದು ಪ್ರಶ್ನೆಯಲ್ಲ, ಅಭಿಪ್ರಾಯ." ಅಭಿಪ್ರಾಯ ಪಂಪನಿಂದ ಹೊರಟು ನವೋದಯಕ್ಕೆ ಬರುವ ಹೊತ್ತಿಗೆ ನಿರೂಪಕಿ ಗಡಿಯಾರ ನೋಡತೊಡಗಿದರು. ಯುವ ಲೇಖಕ ತಾಳ್ಮೆಗೆಟ್ಟು ಕೇಳಿಯೇಬಿಟ್ಟ: "ಸಾರ್, ನೀವು ಪುಸ್ತಕ ಓದಿದ್ದೀರಾ?"

"ಈಗ ತಾನೇ ಬಿಡುಗಡೆ ಆಯ್ತಲ್ಲಪ್ಪ, ಯಾವಾಗ ಓದ್ಲಿ?"

"ಹೋಗಲಿ, ಹೋದ ವಾರ ಬಿಡುಗಡೆಯಾದದ್ದು?"

"ಅದರ ಮೇಲೆ ನಾಲ್ಕು ಜನ ಮಾತಾಡಿದ್ದನ್ನ ಕೂತು ಕೇಳಿದ್ದೀನಿ. ಮತ್ತೆ ಓದೂ ಬೇಕೇನಪ್ಪ?"