ಶ್ರೀಮದ್ ಫಾರ್ವರ್ಡ್ ಮಹಾಶಯರಿಗೆ ಅನಂತಪುರದ ಬಿನ್ನವತ್ತಳೆ

ಅಖಿಲ ಗ್ರೂಪ್ ಚಕ್ರವರ್ತಿ, ಅಯೋನಿಜ, ಅನಾಮಧೇಯಾಗ್ರಗಣ್ಯ, ಅರ್ಧಸತ್ಯಧುರಂಧರ, ಬ್ರಾಹ್ಮೀಮುಹೂರ್ತದಲ್ಲಿಯೇ ಶುಭೋದಯದ ಗುಲಾಬಿಯೊಡನೆ ಹಗೆಯನ್ನೂ ಹಂಚುವ ಉದಾರಚರಿತ, ಶ್ರೀ ಶ್ರೀ ಶ್ರೀ ಫಾರ್ವರ್ಡ್ ಸಂದೇಶ ಮಹಾಶಯರೇ. ತಮ್ಮ ಪಾದಸೇವಕರಾದ ಅಡ್ಮಿನ್ನರೇ. ತಮ್ಮ ಹೆಗಲೇರಿ ಅಧಿಕಾರದ ಮೆಟ್ಟಿಲು ಹತ್ತಿದ ಜನನಾಯಕರೇ. ಓದದೆಯೇ ಮುಂದಕ್ಕೆ ಕಳಿಸುವ ಮಹಾಜನರೇ!

ಅಥಣಿ ತಾಲೂಕಿನ ಈ ಗಡಿನಾಡಿಗೆ ತಾವು ಗೈದ ಉಪಕಾರಗಳನ್ನು ಸ್ಮರಿಸಿ, ಶಾಲು, ಹಾರ, ರುಮಾಲುಗಳೊಡನೆ ತಮ್ಮನ್ನು ಸತ್ಕರಿಸುವ ಭಾಗ್ಯವು ನಮ್ಮದಾಗಿದೆ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ತಾವು ಓಡುವ ಕಾರನ್ನೇ ಹಿಂದಿಕ್ಕಿದಿರಿ; ಮಕ್ಕಳಿಗೆ ಚಾಕಲೇಟು ಕೊಟ್ಟವರು ಮಕ್ಕಳ ಕಳ್ಳರೆಂಬ ವಾರ್ತೆಯು ಅವರಿಗಿಂತ ಮೊದಲೇ ಊರು ಮುಟ್ಟಿ, ದಾರಿಗೆ ಅಡ್ಡಗಟ್ಟಿ ನಿಂತ ಗುಂಪು ಹೈದರಾಬಾದಿನ ತರುಣನೊಬ್ಬನನ್ನು ಕೊಂದಿತು. ಅದೇ ತಿಂಗಳ ಮೊದಲ ದಿನ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಭಿಕ್ಷೆಗೆ ಹೋಗಿದ್ದ ಐವರು ಅಲೆಮಾರಿಗಳ ಪ್ರಾಣ ಅಂಥದೇ ವದಂತಿಗೆ ಹೋಯಿತು. ನಮ್ಮ ನೆರೆಯ, ಮಹಾರಾಷ್ಟ್ರದ ಜತ್ತ ತಾಲೂಕಿನ ಲವಂಗಾದಲ್ಲಿ, 2022ರ ಸೆಪ್ಟೆಂಬರಿನಲ್ಲಿ, ವಿಜಯಪುರದಿಂದ ಪಂಢರಪುರಕ್ಕೆ ಹೊರಟ ನಾಲ್ವರು ಸಾಧುಗಳು ಹುಡುಗನೊಬ್ಬನನ್ನು ದಾರಿ ಕೇಳಿದ್ದಕ್ಕೆ ಮಕ್ಕಳ ಕಳ್ಳರೆನಿಸಿ ಬಡಿಗೆಯ ಏಟು ತಿಂದರು. ವಿಠ್ಠಲನ ದರ್ಶನಕ್ಕೆ ಹೊರಟವರನ್ನು ಬಡಿದ ಆ ಕೈಗಳಿಗೇನು ಹುಳ ಬಿದ್ದಿತ್ತೇ? ನಾಚಿಕೆಯಾಗಬೇಡವೇ ನಿಮಗೆ!

ಕ್ಷಮಿಸಬೇಕು, ಮಹಾಶಯರೇ, ಸತ್ಕಾರದ ಮಾತಿಗೆ ಬರುತ್ತೇನೆ.

ಜತ್ತದ ಹಳ್ಳಿಗಳು ಹಿಂದೆ ನೀರಿಗಾಗಿ ಬಾಯಾರಿ, ಕರ್ನಾಟಕಕ್ಕೆ ಸೇರುವೆವೆಂದು ಗ್ರಾಮಪಂಚಾಯತಿಗಳಲ್ಲಿ ಠರಾವು ಮಾಡಿದ್ದವು. ಠರಾವು ಎಂದರೆ, ಅಡ್ಮಿನ್ನರಿಗೆ ತಿಳಿಯದಿರಬಹುದು, ಊರವರು ಮುಖಾಮುಖಿ ಕುಳಿತು, ವಾದಿಸಿ, ಸಹಿ ಹಾಕಿ, ಮರುದಿನ ಅದೇ ಓಣಿಯಲ್ಲಿ ಅದಕ್ಕೆ ಉತ್ತರವನ್ನೂ ಕೊಡಬೇಕಾದ ಮಾತು. 2022ರ ಕೊನೆಗೆ ಗಡಿಯ ಜಗಳ ಟ್ವಿಟರ್ ಏರಿದಾಗ ಆ ನೀರಿನ ಪ್ರಶ್ನೆ ಬತ್ತಿ, ಬಸ್ಸುಗಳಿಗೆ ಮಸಿ, ಲಾರಿಗಳಿಗೆ ಕಲ್ಲು ಮಾತ್ರ ಧಾರಾಳವಾಗಿ ಹರಿದವು. ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಬೊಮ್ಮಾಯಿ ಮತ್ತು ಶಿಂದೆ, ಉಭಯ ರಾಜ್ಯಗಳ ಅಂದಿನ ಮುಖ್ಯಮಂತ್ರಿಗಳನ್ನು ಕೂಡಿಸಿದ ಗೃಹಮಂತ್ರಿ ಅಮಿತ್ ಶಾ ಅವರು, ನಾಯಕರ ಹೆಸರಿನ ನಕಲಿ ಖಾತೆಗಳೂ ಕಿಚ್ಚು ಹೊತ್ತಿಸಿದವೆಂದರು. ಅಸಲಿ ನಾಯಕರ ಅಸಲಿ ಗುಡುಗುಗಳ ಲೆಕ್ಕವನ್ನು ಮಾತ್ರ ಯಾರೂ ಕೇಳಲಿಲ್ಲ.

ತಮ್ಮನ್ನು ಕಟ್ಟಿಹಾಕಲು ಯತ್ನಗಳು ನಡೆಯದೆ ಇಲ್ಲ. ಭಾರತದಲ್ಲಿ ಒಮ್ಮೆಗೆ ಐದೇ ಕಡೆಗೆ ಕಳಿಸಬೇಕೆಂದು 2018ರಲ್ಲಿ ವಾಟ್ಸಾಪ್ ಮಿತಿ ಹಾಕಿತು. ಮೂಲ ಕರ್ತೃವನ್ನು ಹುಡುಕಿ ಕೊಡಬೇಕೆಂದು 2021ರಲ್ಲಿ ಸರಕಾರ ನಿಯಮ ಮಾಡಿದಾಗ, ಹಾಗೆ ಮಾಡಿದರೆ ಎಲ್ಲರ ಖಾಸಗಿ ಮಾತಿನ ಬೀಗವೂ ಒಡೆಯುವುದೆಂದು ಆ ಕಂಪನಿ ದಿಲ್ಲಿ ಹೈಕೋರ್ಟಿಗೆ ಹೋಯಿತು. ಅಡ್ಮಿನ್ನರೇ, ಅದೇನೂ ಹುರುಳಿಲ್ಲದ ಭಯವಲ್ಲ: ಪಂಚಾಯತಿಯ ಒಡೆದ ಗಟಾರದ ಚಿತ್ರವನ್ನು ಹೊರಗೆಡಹುವ ಬಡವನಿಗೂ ಆ ಮರೆಯೇ ರಕ್ಷೆ. 2019ರ ಆಗಸ್ಟಿನ ಮಹಾಪೂರದಲ್ಲಿ ಕೃಷ್ಣೆಯ ದಂಡೆಯವರಿಗೆ ನೀರಿನ ಸುದ್ದಿ ಮುಟ್ಟಿಸಿದ್ದೂ ಇದೇ ಮೊಬೈಲು. ಆದರೆ ಅಂಥ ಸುದ್ದಿಗೆ ಲೈಕು ಕಡಿಮೆ, ಅಡ್ಮಿನ್ನರಿಗೆ ಆಸಕ್ತಿ ಇನ್ನೂ ಕಡಿಮೆ.

ಸತ್ಕಾರಮೂರ್ತಿಗಳು ಯಾರೆಂಬುದು ತಿಳಿಯದ ಕಾರಣ ವೇದಿಕೆಯ ಕುರ್ಚಿ ಬರಿದಾಗಿದೆ. ಶಾಲು ಪಂಚಾಯತಿ ಕಪಾಟಿನಲ್ಲಿರಲಿ, ಬಂದು ಸಹಿ ಹಾಕಿ ಒಯ್ಯಬಹುದು. ಹಿಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದಿರುವ ತಮ್ಮಾ, ಇದನ್ನು ಕಳಿಸುವುದಾದರೆ ನಡುವೆ ಕತ್ತರಿಸಬೇಡ. ಊರು, ತಾರೀಖು, ನನ್ನ ಹೆಸರು, ಅದರ ಕೆಳಗೆ ನಿನ್ನದೂ ಬರೆ.