ಬಾಡುದಾಸವಾಳ ಮೀಮಾಂಸೆ, ಅಥವಾ ನಾಲ್ಕು ತಾಲ್ಲೂಕುಗಳ ದರ್ಶನಭೇದ

ಮಧುಗಿರಿ ಬೆಟ್ಟದ ಬುಡದ ನಮ್ಮ ಹಿತ್ತಲಲ್ಲಿ, ನೆಟ್ಟ ಹನ್ನೊಂದನೆಯ ದಿನಕ್ಕೆ, ಒಂದು ದಾಸವಾಳ ತಲೆ ತಗ್ಗಿಸಿತು. ಪಾಮರರು ಇದನ್ನು ‘ಬಾಡಿತು’ ಎಂದು ಮುಗಿಸುತ್ತಾರೆ. ಶಾಸ್ತ್ರಕ್ಕೆ ಅಷ್ಟು ಸಾಲದು. ಬಾಡುವುದು ಗುಣವೋ, ಕ್ರಿಯೆಯೋ, ಬರೀ ಅಭಾವವೋ ಎಂದು ಎರಡು ದಿನ ಯೋಚಿಸಿದೆ. ಯೋಚಿಸುತ್ತಲೇ ಹೊತ್ತಿಗೊಂದು ಬಿಂದಿಗೆ ನೀರು ಹೊಯ್ದೆ. ಸಂಶೋಧಕನ ಈ ಕೊಡುಗೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅಷ್ಟರಲ್ಲಿ ಮಗಳ ನಾಮಕರಣಕ್ಕೆ ನೆಂಟರು ಬಂದರು. ವಿದ್ವತ್ಸಭೆ ತಾನಾಗಿ ಕೂಡಿತು.

ಪಾವಗಡದ ಚಿಕ್ಕಪ್ಪನವರದು ಗ್ರಹವಾದ. ಶನಿಮಹಾತ್ಮನ ಊರಿನವರು ಬೇರೇನು ಹೇಳಿಯಾರು? “ಶನಿವಾರ ನೆಟ್ಟಿದ್ದೀಯ ಕಣಪ್ಪ, ಇನ್ನೆಲ್ಲಿ ಉಳೀತೈತೆ!” ನೆಟ್ಟದ್ದು ಗುರುವಾರ ಎಂದೆ. ನಿಂತ ನಿಲುವಿನಲ್ಲೇ ಅವರು ಸೂರ್ಯವಾದಿಗಳಾದರು: ಬಿಸಿಲು ಜಾಸ್ತಿಯಾಯ್ತು. ತಿರುಮಣಿಯ ಸುತ್ತ ಸುಮಾರು 13,000 ಎಕರೆಗೆ ಗಾಜು ಹಾಸಿ 2,050 ಮೆಗಾವ್ಯಾಟ್ ಹಿಡಿಯುವ ತಾಲ್ಲೂಕಿನವರು ಬಿಸಿಲಿನ ಬಗ್ಗೆ ಆಡಿದ ಮಾತನ್ನು ತಳ್ಳಿಹಾಕಲು ಧೈರ್ಯ ಬೇಕು.

ಶಿರಾದ ಷಡ್ಡಕರದು ಇತಿಹಾಸವಾದ. ಗಿಡದ ಕಡೆ ಅವರು ತಿರುಗಿಯೂ ನೋಡಲಿಲ್ಲ. ಮೊಗಲರ ಸುಬೇದಾರರ ಖಾನ್ ಬಾಗ್ ಇದ್ದದ್ದು ತಮ್ಮೂರಲ್ಲಿ, ಅದನ್ನು ನೋಡಿಯೇ ಹೈದರಾಲಿಗೆ ಲಾಲ್‌ಬಾಗ್ ಹೊಳೆದದ್ದು, ಆದ್ದರಿಂದ ತೋಟದ ವಿಷಯವನ್ನು ಮಧುಗಿರಿಯವರು ಶಿರಾದವರಿಗೆ ಬಿಡುವುದು ಲೇಸು ಎಂದರು. ಲಾಲ್‌ಬಾಗ್ ಶುರುವಾದದ್ದು 1760ರಲ್ಲಿ, ಶಿರಾ ಹೈದರನ ಕೈಸೇರಿದ್ದು 1761ರಲ್ಲಿ ಎಂದು ನಾನು ಕಾಲಗಣನೆ ತೆಗೆದೆ. “ಗೆಲ್ಲೋಕೆ ಮುಂಚೆ ಬಂದು ನೋಡಬಾರದು ಅಂತ ಐತಾ?” ಎಂದರು. ಇದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ಕೊರಟಗೆರೆಯ ಅತ್ತೆಯದು ಮೂಲಿಕಾವಾದ. ಸಿದ್ಧರಬೆಟ್ಟದ ಒಂದು ಸೊಪ್ಪು ಅರೆದು ಬುಡಕ್ಕೆ ಹಾಕಬೇಕು. ಯಾವ ಸೊಪ್ಪು? “ಹೆಸರು ಹೇಳಿದ್ರೆ ಗುಣ ಹೋಗ್ತದೆ.” ಅದೂ ಆಗದಿದ್ದರೆ ಗೊರವನಹಳ್ಳಿ ಲಕ್ಷ್ಮಿಗೆ ಹರಕೆ.

ನನ್ನದು ಶಿಲಾತಾಪವಾದ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಏಕಶಿಲೆ ಹಗಲೆಲ್ಲ ಕಾದು ರಾತ್ರಿ ಉಸಿರುಬಿಟ್ಟರೆ ಬುಡದಲ್ಲಿರುವ ಗಿಡದ ಗತಿಯೇನು? ಸ್ವಂತ ಸಿದ್ಧಾಂತಕ್ಕೆ ಹೆಚ್ಚು ಪುಟ ಮೀಸಲಿಟ್ಟಿದ್ದೆ. ಮರುದಿನ ಅಜ್ಜಿ ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದು, “ಬೆಳಿಗ್ಗೇನೂ ಬಾಡೈತಲ್ಲೋ” ಎಂದದ್ದರಿಂದ ಆ ಪುಟಗಳು ನಷ್ಟವಾದವು.

ಅಜ್ಜಿಯ ಸೂತ್ರಕ್ಕೆ ಭಾಷ್ಯ ಹೀಗೆ. ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ ದೋಷ ಬಿಸಿಲಿನದು. ಬೆಳಗಿನ ತಂಪಿನಲ್ಲೂ ಜೋತಿದ್ದರೆ ದೋಷ ನೆಲದ ಕೆಳಗೆ. ಮಣ್ಣಿಗೆ ಎರಡು ಗೆಣ್ಣಿನಷ್ಟು ಬೆರಳು ಇಳಿಸಿದೆ: ಕೆಸರು, ಮೇಲಾಗಿ ಕೊಳೆತ ವಾಸನೆ. ಬೇರಿಗೂ ಗಾಳಿ ಬೇಕು. ನೀರಲ್ಲೇ ನಿಂತ ಬೇರು ಕೊಳೆತು, ನೀರು ಕುಡಿಯಲಾರದೆ ಗಿಡ ಬಾಯಾರಿ ಸಾಯುತ್ತದೆ. ಕಾಂಡವನ್ನು ಉಗುರಿನಿಂದ ಕೆರೆದರೆ ಒಳಗೆ ಇನ್ನೂ ಹಸಿರಿತ್ತು. ಅಗೆದೆವು.

ಅಲ್ಲಿ, ಕೆಮ್ಮಣ್ಣಿನ ನಡುವೆ, ನರ್ಸರಿಯ ಕರಿ ಕವರ್ ಹಾಗೇ ಇತ್ತು. ಬಿಚ್ಚದೆ ನೆಟ್ಟವನು ಯಾರೆಂಬ ಚರ್ಚೆ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಕವರ್ ಸೀಳಿ, ಸುತ್ತಿಕೊಂಡ ಬೇರು ಬಿಡಿಸಿ, ಕಪ್ಪಾದದ್ದನ್ನು ಕತ್ತರಿಸಿ, ಕೊಂಬೆಯಲ್ಲೂ ಮೂರರಲ್ಲೊಂದು ಪಾಲು ತೆಗೆದು, ದಿಣ್ಣೆಯ ಮೇಲೆ ಮತ್ತೆ ನೆಟ್ಟೆವು. ಮೇಲೆ ತೆಂಗಿನ ಗರಿಯ ನೆರಳು. ಬೆರಳಿಗೆ ಮಣ್ಣು ಒಣಗಿದ್ದು ತಿಳಿದರೆ ಮಾತ್ರ ನೀರು. ಬುಡದ ಸುತ್ತ ಪಾವಗಡದ ಕಡಲೆಕಾಯಿ ಸಿಪ್ಪೆ, ಕಾಂಡಕ್ಕೆ ತಾಗದಂತೆ. ತಾಗಿದರೆ ಗೆದ್ದಲಿಗೆ ಔತಣ. ಗೊಬ್ಬರ ಬೇಡವೇ ಬೇಡ, ಜ್ವರದವನಿಗೆ ಒಬ್ಬಟ್ಟು ಬಡಿಸಿದ ಹಾಗೆ.

ಮೂರನೆಯ ವಾರ ಚಿಗುರು ಒಡೆಯಿತು. ಸಿಪ್ಪೆ ತಮ್ಮೂರಿನದೆಂದು ಚಿಕ್ಕಪ್ಪ ಫೋನು ಮಾಡಿದರು. ಹರಕೆ ಹೊತ್ತದ್ದು ತಾನೆಂದು ಅತ್ತೆ. ಷಡ್ಡಕರು ಖಾನ್ ಬಾಗನ್ನು ಇನ್ನೊಮ್ಮೆ ಹೇಳಿದರು. ಅಜ್ಜಿ ಏನೂ ಹೇಳದೆ, ಸೀಳಿದ ಕವರನ್ನು ದಬ್ಬಳದಿಂದ ಹೊಲಿದು, ಕತ್ತರಿಸಿದ ಕೊಂಬೆಯೊಂದನ್ನು ಅದರಲ್ಲಿ ನಾಟಿ ಬೇರು ಬರಿಸಿ, ಶಿರಾದ ಬಸ್ಸಿಗೆ ಕೊಟ್ಟು ಕಳಿಸಿದರು. ಕವರ್ ಬಿಚ್ಚಿ ನೆಡಬೇಕೆಂದು ಷಡ್ಡಕರಿಗೆ ಹೇಳಬೇಕೇ ಎಂದು ಕೇಳಿದೆ.

“ತೋಟದ ವಿಷಯ ಅವ್ರಿಗೆ ಗೊತ್ತಿರ್ತೈತೆ ಬಿಡು” ಎಂದರು ಅಜ್ಜಿ.