ಬ್ಯಾಕ್ ಒತ್ತಿದರೆ ಗುಬ್ಬಿ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು. ಈಚೆಗೆ ನಮ್ಮ ದಾಸವಾಳ, ಆಚೆಗೆ ಅವರ ನಂದಿಬಟ್ಟಲು. ಎರಡೂ ಗಿಡಗಳು ಸಾಕಿದವರಿಗೆ ಬೆನ್ನು ತಿರುಗಿಸಿ ಪಕ್ಕದವರ ಕಡೆಗೇ ಹೂ ಬಿಡುವುದರಿಂದ, ಬೆಳಿಗ್ಗೆ ಆರೂವರೆಗೆ ಎರಡೂ ಮನೆಯವರು ಕಾಂಪೌಂಡಿನ ಹತ್ತಿರ ಬರಲೇಬೇಕು. ತುಮಕೂರಿನ ಎಸ್.ಎಸ್. ಪುರದಲ್ಲಿ ಇಪ್ಪತ್ತು ವರ್ಷದಿಂದ ನಮ್ಮ ಹರಟೆ ನಡೆದುಕೊಂಡು ಬಂದಿರುವುದು ಈ ಎರಡು ಗಿಡಗಳ ಕೃಪೆಯಿಂದ.

ಕಳೆದ ಗುರುವಾರ ಹೂ ಕೀಳಲು ಬಂದದ್ದು ಪಕ್ಕದ ಮನೆಯಾಕೆಯಲ್ಲ, ಅವರ ಮಗ. ಹುಡುಗ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು. ವಾರದಲ್ಲಿ ಮೂರು ದಿನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾನೆ, ಎರಡು ದಿನ ಮನೆಯಿಂದಲೇ ಕೆಲಸ. ಕೆಲಸವೆಂದರೆ ಮೊಬೈಲ್ ಆಪ್ ಕಟ್ಟುವುದು. ಆ ದಿನ ಕಾಂಪೌಂಡಿನ ಮೇಲೆ ಹೂವಿನ ಬುಟ್ಟಿ, ಅದರ ಪಕ್ಕ ಲ್ಯಾಪ್‌ಟಾಪ್, ಅದರ ಪಕ್ಕ ಕಾಫಿ ಲೋಟ. ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗೆ.

"ಏನಪ್ಪಾ, ರಾತ್ರಿ ನಿದ್ದೆ ಮಾಡಲಿಲ್ವಾ?"

"ಎಲ್ಲಿ ಅಂಕಲ್. ಕೆಳಗಡೆ ಇರೋದೇ ಐದು ಜಾಗ. ಅವರು ಏಳು ಕೇಳ್ತಿದಾರೆ."

ನಾನು ಯಾವುದೋ ಸೈಟಿನ ತಕರಾರು ಅಂದುಕೊಂಡೆ. ಆಮೇಲೆ ತಿಳಿಯಿತು, ಗುಬ್ಬಿ ಕಡೆಯ ಒಬ್ಬ ಕೊಬ್ಬರಿ ವ್ಯಾಪಾರಿಗೆ ಇವನು ಬಿಡುವಿನಲ್ಲಿ ಆಪ್ ಮಾಡಿಕೊಡುತ್ತಿದ್ದಾನೆ. ಜಾಗದ ಜಗಳ ಮೊಬೈಲಿನ ತಳದ್ದು. ಆಪ್ ತೆರೆದರೆ ಪರದೆಯ ಕೆಳಗೆ ಸಾಲಾಗಿ ಕೂತಿರುತ್ತವಲ್ಲ, ಮನೆಯ ಚಿತ್ರ, ಭೂತಗನ್ನಡಿ, ಗಂಟೆ, ಮನುಷ್ಯನ ತಲೆ, ಆ ಸಾಲಿಗೆ ಟ್ಯಾಬ್ ಬಾರ್ ಎಂದು ಹೆಸರು. ವ್ಯಾಪಾರಿಗೆ ಅಲ್ಲಿ ಇವತ್ತಿನ ರೇಟು, ದಾಸ್ತಾನು, ಲಾರಿ, ಲೆಕ್ಕ, ತನ್ನ ವಿವರ ಇಷ್ಟೂ ಬೇಕು. ಅದರ ಮೇಲೆ ಹವಾಮಾನ. ಅದೂ ಸಾಲದೆ ಪಂಚಾಂಗ.

"ಏಳು ಹಾಕಿಬಿಡು, ಏನೀಗ?"

"ಆಗಲ್ಲ ಅಂಕಲ್. ಐಫೋನ್‌ನಲ್ಲಿ ಐದು ದಾಟಿದರೆ ಐದನೇ ಜಾಗದಲ್ಲಿ ತಾನಾಗೇ 'ಇನ್ನಷ್ಟು' ಅಂತ ಒಂದು ಬಟನ್ ಬಂದು ಕೂತ್ಕೊಳುತ್ತೆ. ಮಿಕ್ಕಿದ್ದೆಲ್ಲ ಅದರೊಳಗೆ. ಗೂಗಲ್‌ನವರೂ 2016ರಲ್ಲಿ ಆಂಡ್ರಾಯ್ಡ್‌ಗೆ ಹೇಳಿದ್ದು ಅದೇ, ಮೂರಕ್ಕೆ ಕಮ್ಮಿ ಬೇಡ, ಐದಕ್ಕೆ ಜಾಸ್ತಿ ಬೇಡ."

"ಇನ್ನಷ್ಟು ಅಂದರೆ ಅಟ್ಟ ಅನ್ನು."

ನಮ್ಮ ಅಟ್ಟದಲ್ಲಿ ಮಗಳ ವೀಣೆ ಇದೆ, ಮದುವೆಯಲ್ಲಿ ಉಡುಗೊರೆ ಬಂದ ನಾಲ್ಕು ಗೋಡೆ ಗಡಿಯಾರಗಳಿವೆ, ಹಿತ್ತಾಳೆಯ ಹಂಡೆಯಿದೆ. ಯಾವುದೂ ಕಳೆದುಹೋಗಿಲ್ಲ. ಆದರೆ ಹತ್ತಿ ನೋಡಿದವರೂ ಇಲ್ಲ. ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತು, ಅದಕ್ಕೇ ಪಂಚಾಂಗ ಅಟ್ಟಕ್ಕೆ ಹೋಗಕೂಡದು ಎಂದು ಹಟ ಹಿಡಿದಿದ್ದಾನೆ. ರಾಹುಕಾಲದಲ್ಲಿ ಲಾರಿ ಹೊರಟರೆ ನೀನು ಹೊಣೆಯೇನಯ್ಯಾ ಎಂದು ಫೋನಿನಲ್ಲೇ ಗದರಿದನಂತೆ.

ಹಾಗಾದರೆ ಮೇಲೆ ಮೂಲೆಯಲ್ಲಿ ಮೂರು ಗೆರೆ ಎಳೆದು ಅದರೊಳಗೆ ತುಂಬು ಎಂದೆ. ಆ ಗೆರೆಗಳಿಗೆ ಹ್ಯಾಂಬರ್ಗರ್ ಎಂದು ಹೆಸರಂತೆ, ಮೇಲೊಂದು ಬನ್ನು, ಕೆಳಗೊಂದು ಬನ್ನು, ನಡುವೆ ಮತ್ತೇನೋ. ಸಿದ್ಧಗಂಗೆ ಮಠದ ನೆರಳಿನಲ್ಲಿ ಬೆಳೆದ ನಮಗೆ ಮೂರು ಅಡ್ಡಗೆರೆ ಕಂಡರೆ ಬನ್ನು ಹೇಗೆ ನೆನಪಾಗಬೇಕು, ವಿಭೂತಿಯಲ್ಲವೇ? ಈ ಗುರುತನ್ನು ಬರೆದವನು ನಾರ್ಮ್ ಕಾಕ್ಸ್ ಎಂಬಾತ, 1981ರ ಜೆರಾಕ್ಸ್ ಸ್ಟಾರ್ ಎಂಬ ಕಂಪ್ಯೂಟರಿಗೆ. ನಾನು ಆಗಿನ್ನೂ ಕಾಲೇಜಿನಲ್ಲಿ ಲಾಗರಿದಮ್ ಪುಸ್ತಕ ತಿರುವುತ್ತಿದ್ದೆ. ಆದರೆ ಈ ಗೆರೆಗಳ ಹಿಂದೆ ಇಟ್ಟದ್ದನ್ನು ಜನ ಮರೆತೇಬಿಡುತ್ತಾರಂತೆ. ಫೇಸ್‌ಬುಕ್ಕಿನವರು 2013ರಲ್ಲಿ ಐಫೋನಿನ ಆಪ್‌ನಿಂದ ಆ ಗೆರೆಗಳ ಹಿಂದಿನ ಪೆಟ್ಟಿಗೆಯನ್ನು ತೆಗೆದು ಮುಖ್ಯವಾದವನ್ನು ಕೆಳಸಾಲಿಗೆ ತಂದು ಕೂರಿಸಿದರು ಎಂದ.

"ಕೆಳಸಾಲೇ ಯಾಕೆ? ಓದೋದು ಮೇಲಿಂದ ಅಲ್ವಾ?"

"ಹೆಬ್ಬೆರಳು ಅಂಕಲ್." ಅದೇ 2013ರಲ್ಲಿ ಸ್ಟೀವನ್ ಹೂಬರ್ ಎಂಬಾತ ಬೀದಿಯಲ್ಲಿ, ಬಸ್ಸಿನಲ್ಲಿ, ನಿಂತಲ್ಲಿ ಕೂತಲ್ಲಿ ಫೋನ್ ಹಿಡಿದ 1333 ಜನರನ್ನು ಸುಮ್ಮನೆ ನೋಡಿ ಗುರುತು ಹಾಕಿಕೊಂಡನಂತೆ. ಪರದೆ ಮುಟ್ಟುತ್ತಿದ್ದವರಲ್ಲಿ ನೂರಕ್ಕೆ 49 ಮಂದಿ ಒಂದೇ ಕೈಯಲ್ಲಿ ಹಿಡಿದಿದ್ದರು. ಪಾಪ, ಅಷ್ಟು ದೂರ ಯಾಕೆ ಹೋದನೋ. ಸಂಜೆ ತುಮಕೂರಿನಿಂದ ಕುಣಿಗಲ್ಲಿಗೆ ಹೊರಡುವ ಬಸ್ಸು ಹತ್ತಿದ್ದರೆ ಹೆಬ್ಬೂರು ಬರುವಷ್ಟರಲ್ಲಿ ಲೆಕ್ಕ ಮುಗಿದಿರುತ್ತಿತ್ತು. ಒಂದು ಕೈ ಕಂಬಿಗೆ, ಇನ್ನೊಂದರಲ್ಲಿ ಫೋನು, ಟಿಕೆಟ್ ಹಲ್ಲಿನ ನಡುವೆ. ಹೆಬ್ಬೆರಳು ಮೇಲಿನ ಮೂಲೆಗೆ ಹೋಗಬೇಕಾದರೆ ಫೋನು ಪಕ್ಕದವರ ಮಡಿಲಿಗೆ ಬೀಳಬೇಕು.

ಅವನ ಸಂಕಟ ಅಲ್ಲಿಗೂ ನಿಲ್ಲಲಿಲ್ಲ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. ಗುಂಡಿಗಳ ಅಡಿಯಲ್ಲಿ ಕನ್ನಡದಲ್ಲೇ ಹೆಸರು ಬರೆದಿದ್ದಾನೆ, ನನಗೆ ಸಂತೋಷವಾಯಿತು. ಕನ್ನಡಕ ಏರಿಸಿಕೊಂಡು ನೋಡಿದರೆ 'ಲೆಕ್ಕ' ಇರಬೇಕಾದಲ್ಲಿ 'ಲೆಕ' ಇದೆ. ರೇಟಿನ ಪುಟದ ತಲೆಯಲ್ಲಿ 'ಕೊಬರಿ'. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳತೆ ಕೊಟ್ಟು ಕೊರೆದ ಪಟ್ಟಿಯಲ್ಲಿ ನಮ್ಮ ಒತ್ತಕ್ಷರದ ಕಾಲು ಕತ್ತರಿಸಿಹೋಗಿದೆ! ಉದ್ದ ಹೆಸರಿಟ್ಟರೆ ಇನ್ನೂ ಚೆಂದ, 'ನನ್ನ ವಿವರ' ಎನ್ನುವುದು 'ನನ ವಿ' ಆಗಿ ಮೂರು ಚುಕ್ಕಿಯೊಂದಿಗೆ ನಿಟ್ಟುಸಿರು ಬಿಡುತ್ತಿತ್ತು. ಸಾಲಿನ ಎತ್ತರ ಸ್ವಲ್ಪ ಹೆಚ್ಚು ಬಿಡಪ್ಪಾ, ಕನ್ನಡಕ್ಕೆ ನೆಲಮಾಳಿಗೆ ಇದೆ ಎಂದೆ. ಬರೆದುಕೊಂಡ.

ನನಗೆ ಉಮೇದು ಬಂತು. ನನಗೂ ಒಂದು ಹಳೆಯ ಸಿಟ್ಟಿತ್ತು. ಯಾವುದೋ ವಿಮೆಯ ಆಪ್‌ನಲ್ಲಿ ಹೋದ ತಿಂಗಳು ಹೆಸರು, ವಿಳಾಸ, ನಾಮಿನಿ, ನಾಮಿನಿಗೆ ನನ್ನಿಂದ ಏನಾಗಬೇಕು ಎಲ್ಲ ತುಂಬಿ, ಪಾಲಿಸಿ ನಂಬರ್ ನೋಡಲು ಪಕ್ಕದ ಗುಂಡಿ ಒತ್ತಿದೆ. ನಂಬರ್ ಸಿಕ್ಕಿತು. ವಾಪಸ್ ಬಂದರೆ ಎಲ್ಲ ಖಾಲಿ, ತೊಳೆದಿಟ್ಟ ಸ್ಲೇಟು. ಹೆಂಡತಿಯ ಹೆಸರನ್ನು ಮೂರು ಸಲ ತುಂಬಿದೆ. ಇಷ್ಟು ಸಲ ನೆನೆಸಿಕೊಂಡದ್ದು ಮದುವೆಯಾದ ಹೊಸತರಲ್ಲೂ ಇಲ್ಲ.

"ಅದು ಸ್ಟ್ಯಾಕ್ ಉಳಿಸಿಕೊಳ್ಳದೇ ಇರೋ ತಪ್ಪು," ಎಂದ ಹುಡುಗ. ಸ್ಟ್ಯಾಕ್ ಅಂದರೇನೆಂದು ತಿಳಿಸಲು ಎರಡು ಸಲ ಇಂಗ್ಲಿಷಿನಲ್ಲಿ ತಡವರಿಸಿ ಕೊನೆಗೆ ಕ್ಯಾತ್ಸಂದ್ರದ ಇಡ್ಲಿಗೆ ಬಂದ. ತಟ್ಟೆ ಇಡ್ಲಿ ಬೇಯಿಸುವ ಸ್ಟ್ಯಾಂಡು ನೋಡಿದ್ದೀರಲ್ಲ, ತಟ್ಟೆಯ ಮೇಲೆ ತಟ್ಟೆ. ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೆಯಬೇಕು, ತಳದ್ದು ಬೇಕೆಂದರೆ ಮೇಲಿನವು ಬರಬೇಕು. ಆಪ್‌ನಲ್ಲಿ ಒಂದರಿಂದ ಇನ್ನೊಂದು ಪುಟಕ್ಕೆ ಹೋದಾಗಲೆಲ್ಲ ಒಂದು ತಟ್ಟೆ ಮೇಲೆ ಕೂರುತ್ತದೆ, ಅದಕ್ಕೆ ಪುಶ್ ಎನ್ನುತ್ತಾರೆ. ಬ್ಯಾಕ್ ಒತ್ತಿದರೆ ಮೇಲಿನದು ಇಳಿಯುತ್ತದೆ, ಅದು ಪಾಪ್. ಕೆಳಗಿನ ಐದು ಗುಂಡಿಗೂ ಐದು ಬೇರೆ ಬೇರೆ ಸ್ಟ್ಯಾಂಡು ಇರಬೇಕು. ಪಕ್ಕದ ಗುಂಡಿಗೆ ಹೋದೆವೆಂದು ಹಿಂದಿನ ಸ್ಟ್ಯಾಂಡಿನ ತಟ್ಟೆಗಳನ್ನು ಯಾರೂ ಎತ್ತಿ ಇಡಬಾರದು.

ಅಲ್ಲಿಗೆ ನನಗೆ ಪೂರ್ತಿ ಅರ್ಥವಾಯಿತು, ಇಡ್ಲಿಯಿಂದ ಅಲ್ಲ, ನೆಂಟರಿಂದ. ನಮಗೆ ಗುಬ್ಬಿಯಲ್ಲಿ ಒಬ್ಬರು ಅತ್ತೆ, ಕುಣಿಗಲ್ಲಿನಲ್ಲಿ ಒಬ್ಬರು ಮಾವ. ತುಮಕೂರಿನಿಂದ ಗುಬ್ಬಿ 20 ಕಿಲೋಮೀಟರು, ಕುಣಿಗಲ್ಲು 36. ಒಳದಾರಿಗಳಿದ್ದರೂ ಬಸ್ಸನ್ನು ನೆಚ್ಚಿದವರು ಈ ಊರಿನಿಂದ ಆ ಊರಿಗೆ ಹೋಗಬೇಕಾದರೆ ತುಮಕೂರಿನ ಸ್ಟ್ಯಾಂಡಿಗೆ ಬಂದೇ ಬಸ್ ಬದಲಿಸುವುದು. ಅಂದರೆ ನಮ್ಮ ಬಸ್ ಸ್ಟ್ಯಾಂಡೇ ಟ್ಯಾಬ್ ಬಾರು. ಗುಬ್ಬಿಯ ಅತ್ತೆಯ ಹತ್ತಿರ ಒಂದು ಮಾತು ಅರ್ಧಕ್ಕೆ ನಿಂತರೆ, ಎರಡು ವರ್ಷ ಬಿಟ್ಟು ಹೋದರೂ ಸರಿ, ಚಪ್ಪಲಿ ಬಿಡುವುದರೊಳಗೆ ಆ ಅರ್ಧದಿಂದಲೇ ಶುರು. ಮುಂದುವರಿಸುವ ಪದ ಕೂಡ 'ಅದಕ್ಕೇ' ಎಂದಿರುತ್ತದೆ. ಕುಣಿಗಲ್ಲಿನ ಮಾವ ಹಾಗಲ್ಲ. ಬೆಳಿಗ್ಗೆ ಅವರ ಮನೆಯಲ್ಲೇ ತಿಂಡಿ ತಿಂದು, ಕೆರೆ ಏರಿಯ ತನಕ ಹೋಗಿಬಂದರೆ, "ಓಹೋ, ಯಾವಾಗ ಬಂದ್ರಿ? ಮಳೆ ಹೇಗೆ ನಿಮ್ಮ ಕಡೆ?" ಪ್ರತಿ ಸಲವೂ ಮೊದಲ ಪುಟ. ಅವರ ಊರಿನಲ್ಲಿ ಹೈದರ್, ಟಿಪ್ಪು ಕಾಲದಿಂದ ಕುದುರೆ ಫಾರಂ ಇದೆ. ಆ ಕುದುರೆಗಳಿಗಾದರೂ ತಮ್ಮ ಲಾಯ ಯಾವುದೆಂದು ನೆನಪಿರುತ್ತದೆ.

"ಇಬ್ಬರೂ ಬೇಕು ಅಂಕಲ್," ಎಂದ ಹುಡುಗ, ಈಗ ಅವನ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು. ಒಮ್ಮೆ ಒತ್ತಿದರೆ ಅತ್ತೆ, ಬಿಟ್ಟಲ್ಲಿಂದ ಮುಂದೆ. ಅದೇ ಗುಂಡಿಯಲ್ಲಿದ್ದುಕೊಂಡು ಇನ್ನೊಮ್ಮೆ ಒತ್ತಿದರೆ ಮಾವ, ಸೀದಾ ತಳದ ತಟ್ಟೆಗೆ. ಐಫೋನಿನ ರೂಢಿ ಇದು. ಆಂಡ್ರಾಯ್ಡಿನವರು ಕೊಡುವ ಸಿದ್ಧ ಸಾಮಾನಿನಲ್ಲಿ ಹಲವು ಸ್ಟ್ಯಾಂಡುಗಳನ್ನು ನೆನಪಿಟ್ಟುಕೊಳ್ಳುವ ಅನುಕೂಲ ಬಂದದ್ದು 2022ರಲ್ಲಿ, ಅಲ್ಲಿಯವರೆಗೆ ಕೋಡು ಬರೆಯುವವರೇ ಗಂಟು ಹಾಕಿಕೊಳ್ಳಬೇಕಿತ್ತು. ಆಂಡ್ರಾಯ್ಡಿಗೆ ಇನ್ನೊಂದು ಪೀಕಲಾಟ, ಫೋನಿನದ್ದೇ ಒಂದು ಬ್ಯಾಕ್ ಇದೆ. ಲೆಕ್ಕದ ಗುಂಡಿಯ ತಳಪುಟದಲ್ಲಿದ್ದು ಅದನ್ನು ಒತ್ತಿದರೆ ಮೊದಲ ಗುಂಡಿಗೆ ಬರಬೇಕು, ಅಲ್ಲಿ ಮತ್ತೆ ಒತ್ತಿದರೆ ಮಾತ್ರ ಆಪ್‌ನಿಂದ ಹೊರಗೆ. ನೆಂಟರ ಮನೆಯಿಂದ ನಡುಮನೆಯಲ್ಲಿ ಹೇಳದೆ ಹಿತ್ತಲ ಬಾಗಿಲಲ್ಲಿ ಹೊರಡಬಾರದು, ಅಷ್ಟೇ.

ಇದಕ್ಕಿಂತ ಕಷ್ಟದ್ದು ವಾಟ್ಸಾಪಿನಲ್ಲಿ ಬರುವ ಲಿಂಕು. ಒತ್ತಿದರೆ ಆಪ್‌ನ ಹೊಟ್ಟೆಯೊಳಗಿನ ಯಾವುದೋ ಪುಟಕ್ಕೆ ಇಳಿಸುತ್ತದೆ. ಅಲ್ಲಿ ಬ್ಯಾಕ್ ಒತ್ತಿದರೆ ಎಲ್ಲಿಗೆ ಹೋಗಬೇಕು? ಕೆಳಗೆ ತಟ್ಟೆಯೇ ಇಲ್ಲ. ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು ಊರೊಳಗೆ ಬರದೆ ಬೆಳಗಿನ ಜಾವ ಮೂರಕ್ಕೆ ನಮ್ಮನ್ನು ಹೆದ್ದಾರಿಯಲ್ಲಿ ಇಳಿಸಿ ಹೋದರೆ ಹೇಗಿರುತ್ತದೋ ಹಾಗೆ, ಊರು ನಮ್ಮದೇ, ಮನೆಗೆ ದಾರಿ ಮಾತ್ರ ಇಲ್ಲ. ಕೋಡು ಬರೆಯುವವನು ಆ ಪುಟದ ಅಡಿಗೆ ಕಳ್ಳತಟ್ಟೆಗಳನ್ನು ತಾನೇ ಮೊದಲು ಜೋಡಿಸಿಡಬೇಕಂತೆ, ಬಂದವನು ಮುಂಬಾಗಿಲಿನಿಂದಲೇ ಬಂದಿದ್ದ ಎನ್ನುವ ಹಾಗೆ.

"ಇನ್ನೊಂದು ಹೇಳಿ," ಎಂದ. "ದುಡ್ಡು ಕಟ್ಟೋ ಪುಟದಲ್ಲೂ ಕೆಳಸಾಲು ಕಾಣ್ತಿರಬೇಕಾ, ಮುಚ್ಚಿಬಿಡಲಾ?"

"ಮುಚ್ಚು. ಧಾರೆಗೆ ಕೂತವನಿಗೆ ಮಧ್ಯದಲ್ಲಿ ಊಟದ ಹಾಲ್ ತೋರಿಸಬಾರದು."

ಲೆಕ್ಕ ಬರುವುದು ನಿಧಾನವಾದರೆ ಪರದೆ ಖಾಲಿ ಬಿಡಬೇಡ ಎಂದೂ ಸೇರಿಸಿದೆ. ಕೇಳುವ ಗಿರಾಕಿ ಗುಬ್ಬಿಯವನು, ಪರದೆಯ ವಿಷಯ ಅವರಿಗೆ ಹೇಳಿಕೊಡಬೇಕೇ? 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಆ ಊರಿನದು. ಗುಬ್ಬಿ ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ಬರುತ್ತಿದ್ದವೆಂದು ನಮ್ಮ ತಂದೆ ಹೇಳಿ ಹೇಳಿ, ಆನೆ ಕಂಡದ್ದು ನಾನೇ ಏನೋ ಎನ್ನಿಸಿಬಿಟ್ಟಿದೆ. ಕಂಪನಿ ನಾಟಕದಲ್ಲಿ ಹಿಂದೆ ಅರಮನೆಯ ಸೀನು ಕಟ್ಟುವಾಗ ಮುಂದೆ ಬೀದಿಯ ಪರದೆ ಇಳಿಯುತ್ತಿತ್ತು, ಅದರ ಎದುರು ಹಾಸ್ಯದವನು ಹತ್ತು ನಿಮಿಷ ಹಲ್ಲು ಕಿರಿಯುತ್ತಿದ್ದ. ಒಳಗೆ ಸುತ್ತಿಗೆಯ ಸದ್ದು, ಹೊರಗೆ ಚಪ್ಪಾಳೆ. ಈಗ ಆಪ್‌ಗಳಲ್ಲಿ ಬೂದು ಬಣ್ಣದ ಪಟ್ಟಿಗಳು ಮಿಣಮಿಣ ಎನ್ನುತ್ತವಲ್ಲ, ಅದು ಆ ಬೀದಿ ಪರದೆಯೇ. ಹಾಸ್ಯಗಾರನೊಬ್ಬನಿಲ್ಲ.

"ಅಂಕಲ್, ಪಂಚಾಂಗಕ್ಕೆ ಏನ್ ಮಾಡ್ಲಿ?" ಹುಡುಗ ಮತ್ತೆ ಮೊದಲ ಪುಟಕ್ಕೆ ಬಂದ.

ಯೋಚಿಸಿ ಹೇಳಿದೆ. ವ್ಯಾಪಾರಿಗೆ ಬೇಕಾದದ್ದು ಪಂಚಾಂಗವಲ್ಲ, ಲಾರಿ ಹೊರಡುವ ಹೊತ್ತು. ಲಾರಿಯ ಪುಟದಲ್ಲೇ ತಲೆಯ ಮೇಲೆ ಒಂದು ಗೆರೆ ಬರೆದುಬಿಡು, ಇಂದಿನ ರಾಹುಕಾಲ ಇಷ್ಟರಿಂದ ಇಷ್ಟರವರೆಗೆ. ಹವಾಮಾನ ರೇಟಿನ ಪಕ್ಕ ಹೋಗಲಿ, ಮಳೆ ಬಂದರೆ ಕೊಬ್ಬರಿ ಒಣಗುವುದಿಲ್ಲ, ರೇಟಿಗೂ ಅದಕ್ಕೂ ನೆಂಟಸ್ತಿಕೆ ಇದ್ದೇ ಇದೆ. ಗುಂಡಿ ಐದೇ ಉಳಿಯಿತು. ಹುಡುಗ ನನ್ನನ್ನು ನೋಡಿದ ರೀತಿ, ಪಿಂಚಣಿ ಬರುವ ದಿನ ಬ್ಯಾಂಕಿನಲ್ಲಿ ಕೂಡ ಯಾರೂ ಹಾಗೆ ನೋಡಿಲ್ಲ.

"ರೀ, ಹೂವು ಕೇಳಿ ಮುಕ್ಕಾಲು ಗಂಟೆ ಆಯ್ತು," ಒಳಗಿನಿಂದ ಕೂಗು ಬಂತು. ನನ್ನ ಬುಟ್ಟಿಯಲ್ಲಿ ಎರಡು ನಂದಿಬಟ್ಟಲು. ಅಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು. ಗುಬ್ಬಿಯ ಅತ್ತೆ. ಚೇಳೂರಿನ ಕಡೆ ಅವರ ತೋಟದ ಅಂಚಿನಲ್ಲಿ ಒಂದು ಕೆಂಪುತೊಳೆಯ ಹಲಸಿನ ಮರವಿದೆ, ಅದರ ಹಣ್ಣು ಬೇಲಿಯ ಆಚೆಯವರದೋ ಈಚೆಯವರದೋ ಎಂದು ಎರಡು ಬೇಸಿಗೆಯ ಹಿಂದೆ ಮಾತು ಬಂದು, ನಮಗೆ ಬಸ್ಸಿಗೆ ಹೊತ್ತಾಯಿತೆಂದು ನಿಂತಿತ್ತು.

ನಾನು ಹಲೋ ಎನ್ನಲಿಲ್ಲ.

"ಅದಕ್ಕೇ ಕಣೋ," ಎಂದರು ಅತ್ತೆ, "ಬೇರು ಯಾರ ಕಡೆ ಇದ್ರೇನು, ನೆರಳು ಬೀಳೋದು ನಮ್ಮ ಕಣದ ಮೇಲೆ ತಾನೆ?"